ಕೋಡಿ ಇಲ್ಲದ ಕಟ್ಟೆ

ಬೆಳಗ್ಗೆ ಒಂಬತ್ತೂಕಾಲಿಗೆ ಮಾರ್ಕೆಟ್ ಓಪನ್, ಒಂಬತ್ತೂವರೆಗೆ ನನ್ನ ಆಫೀಸಿನ ಮೊದಲ ಮೀಟಿಂಗ್. ನಡುವಿನ ಹದಿನೈದು ನಿಮಿಷದಲ್ಲಿ ಒಂದು ತಿಂಗಳ ಸಂಬಳ ದುಡಿಯಬಹುದು ಅಂತ 2022ರಲ್ಲಿ ನಾನು ಗಟ್ಟಿಯಾಗಿ ನಂಬಿದ್ದೆ. ಆಗ ವರ್ಕ್ ಫ್ರಂ ಹೋಂ. ಚಿತ್ರದುರ್ಗದಲ್ಲಿ ರೂಮ್ ಮಾಡಿಕೊಂಡಿದ್ದೆ. ನಮ್ಮೂರು ಹೊಸದುರ್ಗ ತಾಲ್ಲೂಕಿನಲ್ಲಿ, ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ.

ತೋಟಕ್ಕೆ ಡ್ರಿಪ್ ಹಾಕಿಸೋಕೆ ಅಂತ ಅಪ್ಪ ತೆಂಗು, ಅಡಿಕೆ ಮಾರಿ ಕೂಡಿಸಿದ್ದ ಒಂದೂವರೆ ಲಕ್ಷ ನನ್ನ ಅಕೌಂಟಿನಲ್ಲಿತ್ತು. "ದೀಪಾವಳಿ ಕಳೀಲಿ, ಆಮೇಲೆ ಕೆಲಸ ಹಿಡಿಯೋಣ. ಅಲ್ಲೀವರೆಗೂ ನಿನ್ ಹತ್ರಾನೇ ಇರ್ಲಿ" ಅಂದಿದ್ದರು. ಸುಮ್ಮನೆ ಬಿದ್ದಿರೋ ದುಡ್ಡು, ಎರಡು ತಿಂಗಳಲ್ಲಿ ಎರಡು ಲಕ್ಷ ಮಾಡಿ ಕೊಡೋಣ ಅಂದುಕೊಂಡೆ.

ಮೊಮೆಂಟಮ್ ಟ್ರೇಡಿಂಗ್ ಅಂದರೆ ಓಡುತ್ತಿರುವ ಬಸ್ಸು ಹತ್ತೋ ಕೆಲಸ. ಒಳ್ಳೆ ರಿಸಲ್ಟ್, ದೊಡ್ಡ ಆರ್ಡರ್ ಹೀಗೆ ಯಾವುದೋ ಸುದ್ದಿಗೆ ಒಂದು ಶೇರು ಜೋರಾಗಿ ಏರುತ್ತೆ, ವಾಲ್ಯೂಮ್ ದಿನಕ್ಕಿಂತ ಹಲವು ಪಟ್ಟು ಆಗುತ್ತೆ. ಆ ಓಟದಲ್ಲಿ ಒಂದೆರಡು ಸ್ಟಾಪ್ ಪ್ರಯಾಣ ಮಾಡಿ ಇಳಿಯಬೇಕು. ಹತ್ತೋದು ಎಲ್ಲರಿಗೂ ಬರುತ್ತೆ.

ಆಗಸ್ಟ್‌ನ ಒಂದು ಬೆಳಗ್ಗೆ ಅಂಥದೊಂದು ಶೇರು 412 ರೂಪಾಯಿಯಲ್ಲಿತ್ತು. ಇಂಟ್ರಾಡೇ ಮಾರ್ಜಿನ್ ಐದು ಪಟ್ಟು ಸಿಗುತ್ತೆ ಅಂತ 1,800 ಶೇರು ತಗೊಂಡೆ. ಒಟ್ಟು 7,41,600 ರೂಪಾಯಿ ಮಾಲು, ನನ್ನ ಕೈಯಲ್ಲಿದ್ದದ್ದು ಒಂದೂವರೆ ಲಕ್ಷ. ಸ್ಟಾಪ್ ಲಾಸ್ 406ಕ್ಕೆ ಹಾಕಿದ್ದೆ. ಬೆಲೆ 407ಕ್ಕೆ ಬಂದಾಗ "ಇಲ್ಲಿಂದ ತಿರುಗುತ್ತೆ" ಅನ್ನಿಸಿ ಆ ಆರ್ಡರ್ ಕ್ಯಾನ್ಸಲ್ ಮಾಡಿದೆ. ತಿರುಗಲಿಲ್ಲ. 391ಕ್ಕೆ ಮಾರಿದಾಗ 37,800 ಹೋಗಿತ್ತು. ಕಳೆದದ್ದನ್ನ ಅವತ್ತೇ ವಾಪಸ್ ತರಬೇಕು ಅನ್ನೋ ಹಟಕ್ಕೆ ಇನ್ನೊಂದು ಶೇರಿಗೆ ನುಗ್ಗಿ 19,000 ಕಳೆದೆ. ಹನ್ನೊಂದೂವರೆಗೆ ಒಟ್ಟು 56,800. ಬ್ರೋಕರೇಜ್, ಟ್ಯಾಕ್ಸ್ ಬೇರೆ. ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದರು, ನಾನು ಮ್ಯೂಟ್‌ನಲ್ಲೇ ಇದ್ದೆ.

ಅಪ್ಪನಿಗೆ ಹೇಳಲಿಲ್ಲ. ಉಳಿದ 93,200ರಿಂದ ಮತ್ತೆ ಒಂದೂವರೆ ಲಕ್ಷಕ್ಕೆ ಹೋಗಬೇಕಾದರೆ ಶೇ 61ರಷ್ಟು ಲಾಭ ಬೇಕು. ಕಳೆದದ್ದು ಶೇ 38, ಏರಬೇಕಾದದ್ದು ಶೇ 61. ಇಂಜಿನಿಯರಿಂಗ್ ಓದಿದವನಿಗೆ ಈ ಲೆಕ್ಕ ಮೊದಲೇ ಹೊಳೆಯಬೇಕಿತ್ತು.

ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಕಡೆ ಅದು ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿದ ಕಟ್ಟೆ. 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಅದಾದ ಮೇಲೆ 2022ರಲ್ಲೇ, 89 ವರ್ಷಕ್ಕೆ. ಜಿಲ್ಲೆಗೆ ಜಿಲ್ಲೆಯೇ ನೋಡೋಕೆ ಹೊರಟಿತ್ತು. ಅಪ್ಪನನ್ನು ಬೈಕ್‌ನಲ್ಲಿ ಕೂರಿಸಿಕೊಂಡು ನಾನೂ ಹೋದೆ.

ಅಪ್ಪ ತುಂಬಾ ಹೊತ್ತು ನೀರನ್ನೇ ನೋಡುತ್ತಿದ್ದರು. "ನಮ್ಮಪ್ಪ ಹೇಳೋದನ್ನ ಕೇಳಿದ್ದೆ, ಈಗ ಕಣ್ಣಾರೆ ಕಂಡೆ" ಅಂದರು.

"ಇಷ್ಟು ನೀರು ಸುಮ್ನೆ ಹರಿದು ಹೋಗ್ತಿದೆಯಲ್ಲಪ್ಪ" ಅಂದೆ.

"ಹೋಗ್ಲಿ ಬಿಡು. ಹೋಗೋಕೆ ದಾರಿ ಮಾಡವ್ರೆ ಅಂತ್ಲೇ ಕಟ್ಟೆ ನಿಂತಿರೋದು. ನೀರು ಬಂದ್ಮೇಲೆ ಕೋಡಿ ಕಟ್ಟೋಕಾಗುತ್ತೇನೋ?"

ಅವರು ಹೇಳಿದ್ದು ಕೆರೆ ಮಾತು. ನನಗೆ ಕಂಡದ್ದು ಕ್ಯಾನ್ಸಲ್ ಮಾಡಿದ ಆ ಸ್ಟಾಪ್ ಲಾಸ್. ಕಟ್ಟೆಗೆ ಕಲ್ಲು ಇಟ್ಟಾಗಲೇ ಕೋಡಿ ಎಷ್ಟು ಎತ್ತರ ಅಂತ ತೀರ್ಮಾನ ಆಗಿತ್ತು. ನಾನು ನೀರು ಏರುತ್ತಿರುವಾಗ ಕೋಡಿ ಮುಚ್ಚಿದ್ದೆ. ಅಲ್ಲೇ ಎಲ್ಲ ಹೇಳಿಬಿಟ್ಟೆ. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. "ಎಷ್ಟು ಉಳಿದೈತೆ?" ಅಂದರು ಅಷ್ಟೇ. ವಾಪಸ್ ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ 56,800 ಅನ್ನು ಏಳು ತಿಂಗಳಲ್ಲಿ ತುಂಬಿಕೊಟ್ಟೆ. ಸಂಬಳದಿಂದ, ಮಾರ್ಕೆಟ್‌ನಿಂದಲ್ಲ. ಡ್ರಿಪ್ ಒಂದು ಬೇಸಿಗೆ ತಡವಾಯಿತು.

ಆಮೇಲೆ 2024ರ ಜುಲೈನಲ್ಲಿ ಸೆಬಿಯ ಅಧ್ಯಯನ ಬಂತು. 2022–23ರಲ್ಲಿ ಶೇರುಗಳಲ್ಲಿ ಇಂಟ್ರಾಡೇ ಮಾಡಿದ ಸಾಮಾನ್ಯ ಹೂಡಿಕೆದಾರರಲ್ಲಿ ಹತ್ತಕ್ಕೆ ಏಳು ಜನಕ್ಕೆ ನಷ್ಟ. ಮೂವತ್ತು ವರ್ಷದೊಳಗಿನವರಲ್ಲಿ ಶೇ 76. ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಶೇ 80. ನಷ್ಟವಾದವರು ಆ ನಷ್ಟದ ಮೇಲೆ ಅದರ ಶೇ 57ರಷ್ಟನ್ನು ಬರೀ ಖರ್ಚಿಗೆ ಅಂತ ಕಟ್ಟಿದ್ದಾರೆ. ಆ ವರ್ಷದ ಲೆಕ್ಕದಲ್ಲಿ ನಾನೂ ಒಬ್ಬ. ಇದನ್ನ ಓದಿ ನೀವು ಇಂಟ್ರಾಡೇ ಕಡೆ ತಲೆ ಹಾಕದೇ ಇದ್ದರೆ ನನಗೆ ಸಂತೋಷವೇ.

ಆದರೂ ಮಾಡ್ತೀನಿ ಅನ್ನೋರಿಗೆ, ನಾನು ಆಮೇಲೆ ಕಲಿತದ್ದನ್ನ ಹೇಳ್ತೀನಿ.

ಹೊಳಲ್ಕೆರೆಯ ನನ್ನ ಕಾಲೇಜ್ ಗೆಳೆಯನ ಮನೆಯಲ್ಲಿ ಅಡಿಕೆ ವ್ಯಾಪಾರ. ನನ್ನ ಕಥೆ ಕೇಳಿ ಅವನು ಅಂದ, "ನಮ್ಮಪ್ಪ ಭೀಮಸಮುದ್ರಕ್ಕೆ ಹೋಗೋ ಮುಂಚೇನೇ, ರೇಟ್ ಬಿದ್ರೆ ಎಷ್ಟು ತಡ್ಕೋಬೋದು ಅಂತ ಲೆಕ್ಕ ಹಾಕ್ತಾರೆ ಕಣೋ. ಆಮೇಲೆ ಎಷ್ಟು ಚೀಲ ಅಂತ ನೋಡ್ತಾರೆ." ನಾನು ಉಲ್ಟಾ ಮಾಡಿದ್ದೆ. ಎಷ್ಟು ಶೇರು ಸಿಗುತ್ತೆ ಅಂತ ಮೊದಲು ನೋಡಿದ್ದೆ.

ಈಗ ಒಂದು ಟ್ರೇಡಿನಲ್ಲಿ ಬಂಡವಾಳದ ಶೇ 1ಕ್ಕಿಂತ ಜಾಸ್ತಿ ಕಳೆಯಲ್ಲ. ಒಂದೂವರೆ ಲಕ್ಷಕ್ಕೆ 1,500 ರೂಪಾಯಿ. 412ಕ್ಕೆ ಕೊಂಡು 406ಕ್ಕೆ ಸ್ಟಾಪ್ ಅಂದರೆ ಶೇರಿಗೆ 6 ರೂಪಾಯಿ ರಿಸ್ಕ್. 1,500 ಭಾಗಿಸು 6, ಅಂದರೆ 250 ಶೇರು. ಬೆಲೆ 1,03,000. ಮಾರ್ಜಿನ್ ಬೇಕಾಗೇ ಇಲ್ಲ. ಅವತ್ತು ಹೀಗೆ ಮಾಡಿದ್ದರೆ ಸುಮಾರು 1,500 ಹೋಗಿರೋದು. ಬೆಲೆ ಒಂದೇ ಏಟಿಗೆ ಜಾರಿದರೆ ಸ್ಟಾಪ್ ಇಟ್ಟ ಬೆಲೆಗೇ ಮಾರಾಟ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಲೋಯರ್ ಸರ್ಕ್ಯೂಟ್ ಬಿದ್ದರೆ ಕೊಳ್ಳೋರೇ ಇರಲ್ಲ. ಅದಕ್ಕೇ ದಿನಕ್ಕೆ ವಹಿವಾಟು ಕಮ್ಮಿ ಇರೋ ಸಣ್ಣ ಶೇರುಗಳನ್ನ ಮುಟ್ಟಲ್ಲ.

ಮೊದಲ ಹದಿನೈದು ನಿಮಿಷ ಬರೀ ನೋಡ್ತೀನಿ. ಕೊಂಡ ತಕ್ಷಣ ಸ್ಟಾಪ್ ಲಾಸ್ ಹಾಕ್ತೀನಿ. ಅದನ್ನ ಮೇಲಕ್ಕೆ ಜರುಗಿಸಬಹುದು, ಕೆಳಕ್ಕೆ ಇಲ್ಲ. ದಿನಕ್ಕೆ ಎರಡು ನಷ್ಟ ಆದರೆ ಆ್ಯಪ್ ಕ್ಲೋಸ್. ಪ್ರತಿ ಟ್ರೇಡ್ ಯಾಕೆ ತಗೊಂಡೆ ಅಂತ ಡೈರಿಯಲ್ಲಿ ಒಂದು ಸಾಲು ಬರೀತೀನಿ. ತಗೊಳ್ಳದೇ ಇದ್ದರೂ ಬರೀತೀನಿ.

ಇದರಲ್ಲಿ ಕಷ್ಟವಾದದ್ದು ಕೊನೆಯದೇ, ತಗೊಳ್ಳದೇ ಕೂರೋದು. ಮೊದಲ ಮಳೆಗೇ ಅಪ್ಪ ಬಿತ್ತನೆ ಮಾಡಿದ್ದನ್ನ ನಾನು ನೋಡಿಲ್ಲ. ಅಕ್ಕಪಕ್ಕದ ಹೊಲದೋರು ಬೀಜ ಹಾಕ್ತಿದ್ದರೂ ಇವರು ಮಣ್ಣು ಹಿಡಿದು, ಮುಷ್ಟಿ ಕಟ್ಟಿ ನೋಡಿ, "ಇನ್ನೂ ಹದ ಬಂದಿಲ್ಲ" ಅಂತ ಮನೆಗೆ ಬರ್ತಾರೆ. ಕೆಲವು ವರ್ಷ ತಡವಾಗಿ ನಷ್ಟವೂ ಆಗಿದೆ. ಆದರೆ ಮೇಲ್ಮಣ್ಣಿನ ತೇವ ನಂಬಿ ಬೀಜ ಒಣಗಿಸಿದ್ದು ಕಮ್ಮಿ. ವಾಲ್ಯೂಮ್ ಇಲ್ಲದೆ ಏರೋ ಶೇರು ನನಗೀಗ ಮೇಲ್ಮಣ್ಣಿನ ತೇವದ ಹಾಗೇ ಕಾಣುತ್ತೆ. ವಾರದ ಐದು ದಿನದಲ್ಲಿ ಎರಡು ಮೂರು ದಿನ ನಾನು ಏನೂ ಕೊಳ್ಳಲ್ಲ.

ಇದರಿಂದ ಶ್ರೀಮಂತನಾಗಿದ್ದೀನಾ ಅಂದರೆ ಇಲ್ಲ. ಖರ್ಚು ಕಳೆದು ಸ್ವಲ್ಪ ಉಳಿಯುತ್ತೆ, ಕೆಲವು ತಿಂಗಳು ಅದೂ ಇಲ್ಲ. ಮನೆ ನಡೆಯೋದು ಸಂಬಳದಲ್ಲೇ. ಬೇರೆಯವರ ದುಡ್ಡು ಆ ಅಕೌಂಟಿಗೆ ಹೋಗಲ್ಲ, ಅಪ್ಪ ಕೊಟ್ಟರೂ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಅಪ್ಪ ಫೋನ್ ಮಾಡಿ, "ಈ ಸಲ ಬರೀ ನೀರು ನೋಡ್ಕೊಂಡು ಬರೋಣ ಬಾ, ಇನ್ನೇನೂ ಹೇಳ್ಬೇಡ" ಅಂತ ನಕ್ಕರು.

ಇವತ್ತು ಬೆಳಗ್ಗೆ ಒಂದು ಶೇರು ಶೇ 6 ಏರಿತ್ತು, ವಾಲ್ಯೂಮ್ ಇರಲಿಲ್ಲ. ಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಇನ್ನೂ ಶೇ 4 ಏರಿತು. ಹೊಟ್ಟೆ ಉರಿಯಿತು, ನಿಜ. ಡೈರಿ ತೆಗೆದು "ಹದ ಇರಲಿಲ್ಲ" ಅಂತ ಬರೆದು, ಮೀಟಿಂಗಿಗೆ ಹೋದೆ.