ದೂರದಿಂದ ಮನೋಚಿಕಿತ್ಸೆ: ಚಿಕಿತ್ಸಕರ ಸಿದ್ಧತೆಯನ್ನು ಅಳೆಯುವುದೆಂತು?

ದೇಹದ ಕಾಯಿಲೆಯನ್ನು ನಾಲ್ಕು ಜನರೆದುರು ಹೇಳಿಕೊಳ್ಳಲು ನಮ್ಮಲ್ಲಿ ಯಾರೂ ಹಿಂಜರಿಯುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಮಾತು ಮದುವೆಯ ಮಂಟಪದಲ್ಲಿಯೂ ನಡೆಯುತ್ತದೆ. ಆದರೆ ಮನಸ್ಸಿನ ಕಾಯಿಲೆಯ ಪ್ರಸ್ತಾಪ ಬಂದೊಡನೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಗಳ ಸಂಬಂಧಕ್ಕೆ ಅಡ್ಡಿಯಾದೀತೆಂಬ ಅಂಜಿಕೆ, ಬೀಗರ ಕಿವಿಗೆ ಬಿದ್ದೀತೆಂಬ ಸಂಕೋಚ, ದೂರದ ಊರಿಗೆ ಅಲೆಯುವ ಖರ್ಚು, ಇವುಗಳ ನಡುವೆ ತಿಂಗಳುಗಳು ಉರುಳಿ ಕಾಯಿಲೆ ಬಲಿಯುತ್ತದೆ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಕಾಯಿಲೆಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಶೇ. 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಈ ಕಂದಕವನ್ನು ಮುಚ್ಚಲು ದೂರವಾಣಿ, ವಿಡಿಯೋ ಕರೆ ಹಾಗೂ ಮೊಬೈಲ್ ಆ್ಯಪ್‌ಗಳನ್ನು ಬಳಸುವ ಕಾಲ ಬಂದಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ 14416 ಎಂಬ ಸಂಖ್ಯೆಯ ಮೂಲಕ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಹಾನ್ಸ್ ಈ ಸೇವೆಗೆ ಮುಖ್ಯ ಮಾರ್ಗದರ್ಶಿ ಸಂಸ್ಥೆಯಾಗಿದೆ. ಹಳ್ಳಿಯ ಮನೆಯೊಂದಕ್ಕೆ ಇದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಂತ್ರ ಬಂದಿತು, ತಂತಿಯಿಲ್ಲದ ಸಂಪರ್ಕ ಬಂದಿತು. ಆ ತುದಿಯಲ್ಲಿ ಕುಳಿತ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ದಾದಿಯರು, ಆಪ್ತಸಮಾಲೋಚಕರು ಇದಕ್ಕೆ ಅಣಿಯಾಗಿರುವರೇ? ಅಣಿಯಾಗಿರುವರೆಂದು ತಿಳಿಯುವ ಬಗೆಯಾದರೂ ಯಾವುದು? ನಮ್ಮ ಮನೆಯ ಮಗನನ್ನೋ ಸೊಸೆಯನ್ನೋ ಆ ಕೈಗಳಿಗೆ ಒಪ್ಪಿಸುವವರು ನಾವೇ ಆಗಿರುವುದರಿಂದ, ಈ ಪ್ರಶ್ನೆಯನ್ನು ವಿದ್ವಾಂಸರಿಗಷ್ಟೇ ಬಿಟ್ಟುಕೊಡಲಾಗದು.

ಇಂತಹ ಸಿದ್ಧತೆಯನ್ನು ಅಳೆಯಲು ಸಂಶೋಧಕರು ಬಹುಮಟ್ಟಿಗೆ ಪ್ರಶ್ನಾವಳಿಗಳನ್ನು ಅವಲಂಬಿಸುತ್ತಾರೆ. ಒಂದೊಂದು ಹೇಳಿಕೆಗೂ 'ಸಂಪೂರ್ಣ ಒಪ್ಪುತ್ತೇನೆ' ಎಂಬುದರಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬುದರವರೆಗೆ ಐದು ಮೆಟ್ಟಿಲುಗಳಲ್ಲಿ ಒಂದನ್ನು ಗುರುತಿಸುವ ಕ್ರಮವನ್ನು 1932ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ವಿದ್ವಾಂಸರು ರೂಢಿಗೆ ತಂದರು. 1989ರಲ್ಲಿ ಫ್ರೆಡ್ ಡೇವಿಸ್ ಎಂಬುವರು, ಹೊಸ ಯಂತ್ರವೊಂದನ್ನು ಜನ ಸ್ವೀಕರಿಸುವುದು ಎರಡು ಭಾವನೆಗಳನ್ನು ಅವಲಂಬಿಸಿದೆ ಎಂದರು: ಇದರಿಂದ ನನ್ನ ಕೆಲಸಕ್ಕೆ ಪ್ರಯೋಜನವಿದೆಯೇ, ಇದನ್ನು ಬಳಸುವುದು ಸುಲಭವೇ? 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಈ ಚಿಂತನೆಯನ್ನು ವಿಸ್ತರಿಸಿ, ಸುತ್ತಲಿನ ಹಿರಿಯರ ಹಾಗೂ ಸಹೋದ್ಯೋಗಿಗಳ ಅಭಿಪ್ರಾಯ, ಸಂಸ್ಥೆಯಿಂದ ದೊರೆಯುವ ಅನುಕೂಲ, ಇವೆರಡನ್ನೂ ಸೇರಿಸಿದರು. ಮಾನಸಿಕ ಆರೋಗ್ಯ ಕ್ಷೇತ್ರದ ಅನೇಕ ಅಧ್ಯಯನಗಳು ಇದೇ ಚೌಕಟ್ಟುಗಳನ್ನು ಎರವಲು ಪಡೆದಿವೆ.

ಇವು ಬೆಲೆಯುಳ್ಳ ಅಳತೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇವುಗಳಿಂದ ನಮಗೆ ತಿಳಿಯುವುದು ಚಿಕಿತ್ಸಕರ ಒಲವು ಮಾತ್ರ. ನುಡಿ ತಿಳಿಯಿತು, ನಡೆ ತಿಳಿಯಲಿಲ್ಲ. 'ವಿಡಿಯೋ ಮೂಲಕ ಚಿಕಿತ್ಸೆ ನೀಡಲು ನಾನು ಸಿದ್ಧ' ಎಂದು ಗುರುತು ಹಾಕಿದ ವೈದ್ಯರು, ಕರೆಯ ನಡುವೆ ರೋಗಿಯು 'ಬದುಕು ಸಾಕಾಯಿತು' ಎಂದು ಹೇಳಿ ಫೋನ್ ಇಟ್ಟುಬಿಟ್ಟಾಗ ಏನು ಮಾಡುವರು? ಪ್ರಶ್ನಾವಳಿ ಇದನ್ನು ಹೇಳಲಾರದು.

ಒಲವಿಗೂ ಬಳಕೆಗೂ ಇರುವ ಅಂತರವನ್ನು 2020ನೇ ಇಸವಿಯು ಎಲ್ಲರಿಗೂ ತೋರಿಸಿಕೊಟ್ಟಿತು. ಕೊರೋನಾದ ಕಾರಣ ಮಾರ್ಚ್ ಕೊನೆಯಲ್ಲಿ ದೇಶವೇ ಸ್ತಬ್ಧವಾದಾಗ, ದೂರಚಿಕಿತ್ಸೆಯನ್ನು ಒಲ್ಲೆನೆಂದಿದ್ದವರೂ ಫೋನ್ ಹಿಡಿಯಬೇಕಾಯಿತು. ಮಾರ್ಚ್ 25ರಂದು ಸರ್ಕಾರದ ದೂರವೈದ್ಯಕೀಯ ಮಾರ್ಗಸೂಚಿ ಹೊರಬಿದ್ದಿತು. ಅದೇ ವರ್ಷ ನಿಮ್ಹಾನ್ಸ್, ಭಾರತೀಯ ಮನೋವೈದ್ಯಕೀಯ ಸಂಘ ಹಾಗೂ ಭಾರತೀಯ ಟೆಲಿಮೆಡಿಸಿನ್ ಸಂಘಗಳು ಸೇರಿ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರತಂದವು. ಅನಿವಾರ್ಯತೆಯು ಬಳಕೆಯನ್ನು ಕಲಿಸಿತು, ನಿಜ. ಆದರೆ ಬಳಸಿದವರೆಲ್ಲ ಚೆನ್ನಾಗಿ ಬಳಸಿದರೆಂದು ಅದರಿಂದ ಸಿದ್ಧವಾಗುವುದಿಲ್ಲ.

ನಡೆಯನ್ನೇ ಅಳೆಯುವ ದಾರಿಯೂ ಇದೆ. ನಮ್ಮ ನೆರೆಯ ನೇಪಾಳದಲ್ಲಿ ರೂಪುಗೊಂಡು 2015ರಲ್ಲಿ ಪ್ರಕಟವಾದ 'ಎನಾಕ್ಟ್' ಎಂಬ ಮಾಪನದಲ್ಲಿ, ತರಬೇತಿ ಪಡೆದ ವ್ಯಕ್ತಿಯೊಬ್ಬರು ರೋಗಿಯ ಪಾತ್ರ ವಹಿಸುತ್ತಾರೆ. ಚಿಕಿತ್ಸಕರು ಅವರೊಡನೆ ಹೇಗೆ ಮಾತನಾಡುವರು, ಅಪಾಯದ ಸುಳಿವನ್ನು ವಿಚಾರಿಸುವರೇ, ಗುಟ್ಟು ಕಾಯುವ ಭರವಸೆ ನೀಡುವರೇ ಎಂಬುದನ್ನು ನೋಡುವವರು ಅಂಕಗಳಲ್ಲಿ ದಾಖಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮುಂದೆ ಇದೇ ಜಾಡಿನಲ್ಲಿ 'ಈಕ್ವಿಪ್' ಎಂಬ ಕಾರ್ಯಕ್ರಮವನ್ನು ಬೆಳೆಸಿವೆ. ದೂರಚಿಕಿತ್ಸೆಗೂ ಇಂತಹ ಪರೀಕ್ಷೆಯೇ ತಕ್ಕುದೆಂದು ನಾವು ಭಾವಿಸುತ್ತೇವೆ.

ನಮ್ಮ ನಾಡಿನಲ್ಲಿ ಆ ಪರೀಕ್ಷೆ ಮೂರು ಎಡೆಗಳಲ್ಲಿ ನಡೆಯಬೇಕು. ಮೊದಲನೆಯದು ಏಕಾಂತ. ಎಷ್ಟೋ ಮನೆಗಳಲ್ಲಿ ಫೋನ್ ಒಂದೇ. ಅದೂ ಪಡಸಾಲೆಯಲ್ಲಿ, ಎಲ್ಲರ ನಡುವೆ. ಅತ್ತೆಯ ಎದುರು ಕುಳಿತ ಸೊಸೆ ತನ್ನ ಸಂಕಟವನ್ನು ಹೇಗೆ ಹೇಳಿಯಾಳು? ಬಲ್ಲ ಚಿಕಿತ್ಸಕರು 'ಈಗ ನಿಮ್ಮ ಹತ್ತಿರ ಯಾರಿದ್ದಾರಮ್ಮ? ಹೊರಗೆ ಬಂದು ಮಾತನಾಡಲಾದೀತೇ?' ಎಂದು ಮೊದಲೇ ಕೇಳುತ್ತಾರೆ. ಆಗದಿದ್ದರೆ ಹೌದು–ಅಲ್ಲ ಎಂಬಷ್ಟರಲ್ಲೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯ ಗೌಪ್ಯತೆಯ ಹಕ್ಕನ್ನು ಡಿಜಿಟಲ್ ದಾಖಲೆಗಳಿಗೂ ಅನ್ವಯಿಸಿದೆ. ಕಾಗದದ ಮೇಲಿನ ಆ ಹಕ್ಕು ಪಡಸಾಲೆಗೆ ತಲುಪುವುದು ಈ ಒಂದು ಪ್ರಶ್ನೆಯ ಮೂಲಕವೇ.

ಎರಡನೆಯದು ಭಾಷೆ. ಉತ್ತರ ಕರ್ನಾಟಕದ ಹಿರಿಯರು 'ನನಗೆ ಖಿನ್ನತೆಯಾಗಿದೆ' ಎಂದು ಹೇಳುವುದಿಲ್ಲ. 'ಜೀವಕ್ಕ ಸಮಾಧಾನ ಇಲ್ಲ', 'ಎದಿ ಹಾರತೈತಿ', 'ತಲಿ ಭಾರ ಆಗೇತಿ' ಎನ್ನುತ್ತಾರೆ. ಎದುರಿಗೆ ಕುಳಿತಾಗ ಮುಖ, ಕೈಬೆರಳು, ನಿಟ್ಟುಸಿರುಗಳೇ ಅರ್ಧ ಕಥೆಯನ್ನು ಹೇಳುತ್ತವೆ. ಫೋನಿನಲ್ಲಿ ಉಳಿಯುವುದು ದನಿ ಮತ್ತು ಮೌನ ಮಾತ್ರ. ಅವುಗಳನ್ನು ಓದಬಲ್ಲವರೇ ಸಿದ್ಧರು. ಇಂಗ್ಲಿಷಿನಿಂದ ಇಳಿಸಿದ ಪ್ರಶ್ನೆಗಳನ್ನು ಪರದೆ ನೋಡಿ ಓದಿಹೇಳುವುದು ಸಿದ್ಧತೆಯಲ್ಲ.

ಮೂರನೆಯದು ಅಪಾಯದ ಗಳಿಗೆ. ಸಿದ್ಧರಾದವರು ಕರೆಯ ಆರಂಭದಲ್ಲಿಯೇ ರೋಗಿಯು ಇರುವ ಊರು, ಹತ್ತಿರದ ಬಂಧುವಿನ ಫೋನ್ ಸಂಖ್ಯೆ, ಸಮೀಪದ ಆಸ್ಪತ್ರೆ ಇವನ್ನು ಬರೆದುಕೊಂಡಿರುತ್ತಾರೆ. ಸಂಪರ್ಕ ಕಡಿದರೆ ಮರಳಿ ಯಾರು ಕರೆಯಬೇಕೆಂದು ಮೊದಲೇ ಮಾತಾಗಿರುತ್ತದೆ. ಇದನ್ನು ಒಲವಿನ ಪ್ರಶ್ನಾವಳಿಯಿಂದ ಅಳೆಯಲಾಗದು; ದಾಖಲೆ ಪುಸ್ತಕವನ್ನು ತೆರೆದು ನೋಡಿದರೆ ಅರ್ಧ ಗಳಿಗೆಯಲ್ಲಿ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹಿಂಜರಿಕೆಯನ್ನೆಲ್ಲ ಅಸಿದ್ಧತೆಯೆಂದು ಎಣಿಸಬಾರದು. 'ಈ ಹುಡುಗ ಮೂರು ದಿನದಿಂದ ಅನ್ನ ಮುಟ್ಟಿಲ್ಲ, ಇವನನ್ನು ಫೋನಿನಲ್ಲಿ ನೋಡಲಾಗದು, ಕರೆದುಕೊಂಡು ಬನ್ನಿ' ಎನ್ನುವ ವೈದ್ಯರಿಗೆ ಉತ್ಸಾಹದ ಅಳತೆಗೋಲಿನಲ್ಲಿ ಕಡಿಮೆ ಅಂಕ ಬರಬಹುದು. ವಾಸ್ತವವಾಗಿ ಅವರೇ ಹೆಚ್ಚು ಸಿದ್ಧರು. 2020ರ ಮಾರ್ಗಸೂಚಿಯೂ ದೂರದಿಂದ ನೋಡುವುದು ತಕ್ಕುದೇ, ಎದುರಿಗೆ ನೋಡಬೇಕೇ ಎಂಬ ತೀರ್ಮಾನವನ್ನು ವೈದ್ಯರ ವಿವೇಚನೆಗೇ ಬಿಟ್ಟಿದೆ. ಸಾಧನದ ಮಿತಿಯನ್ನು ಅರಿಯುವುದೂ ಸಿದ್ಧತೆಯ ಭಾಗವೇ ಆಗಿದೆ.

ಅಂತೆಯೇ ಸಿದ್ಧತೆಯ ಹೊರೆಯನ್ನೆಲ್ಲ ಚಿಕಿತ್ಸಕರೊಬ್ಬರ ಹೆಗಲಿಗೆ ಏರಿಸುವುದೂ ನ್ಯಾಯವಲ್ಲ. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಅಷ್ಟಕ್ಕೇ ಬಿಡದೆ ಔಷಧಿಯ ಪೂರೈಕೆ, ದಾಖಲೆಯ ಕ್ರಮ, ಜಿಲ್ಲಾ ಮಟ್ಟದ ತಂಡದ ಬೆಂಬಲಗಳನ್ನೂ ಒದಗಿಸಲಾಯಿತು. ಆ ಮಾದರಿಯೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ತರಬೇತಿ ಕೊಟ್ಟು ಬೆಂಬಲ ಕೊಡದಿದ್ದರೆ ಕಲಿತದ್ದು ಮರೆತುಹೋಗುತ್ತದೆ. ದಿನವೊಂದಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರ ಮೇಜಿನ ಮೇಲೆ ಇನ್ನೊಂದು ಪರದೆಯನ್ನಿಟ್ಟು 'ನೀವು ಸಿದ್ಧರೇ?' ಎಂದು ಕೇಳುವ ಮೊದಲು, ಅವರಿಗೆ ಬಿಡುವು ಕೊಟ್ಟಿರುವೆವೇ ಎಂದು ಆಡಳಿತ ತನ್ನನ್ನೇ ಕೇಳಿಕೊಳ್ಳಬೇಕು. ಅಳತೆಯ ಉದ್ದೇಶ ಯಾರನ್ನೂ ಕುಂದಿಸುವುದಲ್ಲ. ಯಾರಿಗೆ ಯಾವ ನೆರವು ಬೇಕೆಂದು ತಿಳಿಯುವುದು.

ಬಂಧುಗಳೇ, ಅಂತಹ ಅಳತೆಗಳು ಎಲ್ಲೆಡೆ ನೆಲೆಗೊಳ್ಳುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ದೂರದಿಂದ ಚಿಕಿತ್ಸೆ ನೀಡುವವರನ್ನು ವಿನಯದಿಂದಲೇ ನಾಲ್ಕು ಮಾತು ಕೇಳಬಹುದು: ತಮ್ಮ ವಿದ್ಯಾರ್ಹತೆ ಮತ್ತು ನೋಂದಣಿ ಯಾವುದು? ನಾವು ಹೇಳಿದ್ದನ್ನು ಎಲ್ಲಿ, ಹೇಗೆ ಕಾಪಾಡುತ್ತೀರಿ? ಕರೆ ಕಡಿದರೆ, ಅವಸರ ಬಂದರೆ ಏನು ಮಾಡಬೇಕು? ಯಾವಾಗ ಎದುರಿಗೆ ಬಂದು ಕಾಣಬೇಕು? ಸಿದ್ಧರಾದವರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಮನೆಯ ಕಡೆಯಿಂದಲೂ ಒಂದು ಸಿದ್ಧತೆ ಆಗಬೇಕಾಗಿದೆ. ಮಗನೋ ಸೊಸೆಯೋ ವೈದ್ಯರೊಡನೆ ಮಾತನಾಡುವಾಗ ಅರ್ಧ ಗಂಟೆ ಒಂದು ಕೋಣೆಯನ್ನು ಅವರಿಗೇ ಬಿಟ್ಟುಕೊಡೋಣ. ಬಾಗಿಲ ಮರೆಯಲ್ಲಿ ನಿಂತು ಆಲಿಸದಿರೋಣ. ಬದುಕೇ ಬೇಡವೆಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ಎಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಒಡನೆಯೇ 14416ಕ್ಕೆ ಕರೆ ಮಾಡೋಣ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯೋಣ.