ಹಸುವಿನ ಮೇಲೆ ಹಸು ಹತ್ತಿದರೆ ನಾಚಿಕೆ ಯಾಕೆ?

ಕೊಟ್ಟಿಗೆಯಲ್ಲಿ ಒಂದು ಹಸು ಇನ್ನೊಂದರ ಮೇಲೆ ಹತ್ತುವುದನ್ನು ನೋಡದ ರೈತರಿಲ್ಲ. ನೋಡಿದವರು ಮಾಡುವುದೇನು? ಒಬ್ಬರು ಕೋಲು ಹಿಡಿದು ಬಿಡಿಸುತ್ತಾರೆ. ಇನ್ನೊಬ್ಬರು ಮಕ್ಕಳನ್ನು ಅತ್ತ ಅಟ್ಟುತ್ತಾರೆ. ಹಾಲು ಕರೆಯುವ ಹೆಣ್ಣುಮಕ್ಕಳು ಬೆಳಗಿನ ಜಾವವೇ ಕಂಡಿದ್ದರೂ, ಗಂಡಸರೆದುರು ಹೇಗೆ ಹೇಳುವುದೆಂದು ಸುಮ್ಮನಾಗುತ್ತಾರೆ. ಈ ಸಂಕೋಚದ ಬೆಲೆ 21 ದಿನ. ಹಸು ಮತ್ತೆ ಬೆದೆಗೆ ಬರುವವರೆಗೆ ಮೇವು, ಹಿಂಡಿ ಎಲ್ಲ ಹಾಕುತ್ತಲೇ ಇರಬೇಕು.

ಹಸು ಬೆದೆಗೆ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ನಂಬಿಕೆಯ ಗುರುತು ಬೇರೆ ಇಲ್ಲ. ಆದರೆ ಯಾವ ಹಸು? ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹತ್ತಿದ ಹಸುವೂ ಬೆದೆಯಲ್ಲಿರಬಹುದು, ಇಲ್ಲದೆಯೂ ಇರಬಹುದು. ಹತ್ತಿಸಿಕೊಂಡು ಅಲುಗದೆ ನಿಂತದ್ದು ಮಾತ್ರ ಖಂಡಿತ ಬೆದೆಯಲ್ಲಿದೆ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಹಾಕಿಸಬೇಕು. ಹಗಲೂ ರಾತ್ರಿ ಗೂಟಕ್ಕೆ ಕಟ್ಟಿದ ಹಸು ಈ ಗುರುತು ತೋರಿಸುವುದಾದರೂ ಹೇಗೆ? ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಬಿಟ್ಟು ನೋಡಿ. ಎಮ್ಮೆಗಳು ಹೀಗೆ ಹತ್ತುವುದು ಅಪರೂಪ. ಅವುಗಳದು ಮೂಕ ಬೆದೆ, ಲೋಳೆ ನೋಡಿಯೇ ತಿಳಿಯಬೇಕು. ದಿನಗಟ್ಟಲೆ ಬಿಡದೆ ಹತ್ತುತ್ತಲೇ ಇರುವ ಹಸುವಿಗೆ ಅಂಡಾಶಯದಲ್ಲಿ ಗುಳ್ಳೆ ಇರಬಹುದು, ಪಶುವೈದ್ಯರಿಗೆ ತೋರಿಸಿ.

ಹೋರಿಗಳ ಮಾತೂ ಇದೆ. ಸೂಜಿಗೆ ಬೇಕಾದ ವೀರ್ಯ ಸಂಗ್ರಹಿಸುವ ಕೇಂದ್ರಗಳಲ್ಲಿ ಹೋರಿಯ ಮುಂದೆ ಹಸುವನ್ನಲ್ಲ, ಸಾಮಾನ್ಯವಾಗಿ ಇನ್ನೊಂದು ಹೋರಿಯನ್ನೇ ನಿಲ್ಲಿಸುತ್ತಾರೆ. ನಮ್ಮ ಎಷ್ಟೋ ಮಿಶ್ರತಳಿ ಕರುಗಳ ಹುಟ್ಟಿನ ಹಿಂದೆ ಇರುವುದು ಇದೇ. ನಾಚಿಕೊಳ್ಳುವವರು ಆ ಹಾಲನ್ನೇನೂ ಬೇಡವೆನ್ನುವುದಿಲ್ಲ!

ಎಲ್ಲವೂ ಬೆದೆಯ ಲೆಕ್ಕಕ್ಕೆ ಸೇರುವುದಿಲ್ಲ ಎನ್ನುವುದನ್ನು ಕುರಿ ಸಾಕುವವರು ತಿಳಿಯಬೇಕು. ಅಮೆರಿಕದ ಐಡಾಹೊ ರಾಜ್ಯದ ಸರ್ಕಾರಿ ಕುರಿ ಸಂಶೋಧನಾ ಕೇಂದ್ರದಲ್ಲಿ ಟಗರುಗಳ ಎದುರು ಬೆದೆಯಲ್ಲಿದ್ದ ಹೆಣ್ಣು ಕುರಿಗಳನ್ನೂ ಬೇರೆ ಟಗರುಗಳನ್ನೂ ಒಟ್ಟಿಗೆ ಕಟ್ಟಿ ಪರೀಕ್ಷಿಸಿದರು. ನೂರಕ್ಕೆ ಸುಮಾರು 8 ಟಗರು ಪ್ರತಿ ಸಲವೂ ಟಗರುಗಳತ್ತಲೇ ಹೋದವು. ಹೆಣ್ಣು ಸಿಗದೆ ಹೀಗಾಯಿತು ಎನ್ನುವಂತಿಲ್ಲ, ಹೆಣ್ಣು ಪಕ್ಕದಲ್ಲೇ ಇತ್ತು. ಚಾರ್ಲ್ಸ್ ರೊಸೆಲ್ಲಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2004ರಲ್ಲಿ ಇಂಥ ಟಗರುಗಳ ಮಿದುಳನ್ನು ಹೋಲಿಸಿ ನೋಡಿದರು. ಅದರ ಒಂದು ಪುಟ್ಟ ಭಾಗ ಉಳಿದ ಟಗರುಗಳಿಗಿಂತ ಸುಮಾರು ಅರ್ಧದಷ್ಟೇ ಇತ್ತು. ಇದು ರೋಗವಲ್ಲ, ಕೆಟ್ಟ ಚಾಳಿಯೂ ಅಲ್ಲ. ಪ್ರಕೃತಿಯಲ್ಲಿ ಇಂಥದ್ದಿಲ್ಲ ಎಂದು ಪೇಟೆಯವರು ಹೇಳಿದರೆ ಹೇಳಲಿ, ದನಕುರಿ ಕಾಯುವ ನಾವು ಹೇಳುವುದು ಸರಿಯಲ್ಲ.

ಆದರೆ ಮಂದೆಗೆ ಒಂದೇ ಟಗರು ಇದ್ದು, ಅದೇ ಇಂಥದ್ದಾದರೆ ಆ ವರ್ಷ ಮರಿಗಳಿಲ್ಲ. ಮೈಕಟ್ಟು, ಕೊಂಬು ನೋಡಿದರೆ ಇದು ತಿಳಿಯುವುದಿಲ್ಲ. ಟಗರನ್ನು ಬಿಡುವ ಮೊದಲು ಅದರ ಎದೆಗೆ ಎಣ್ಣೆಯಲ್ಲಿ ಕಲಸಿದ ಜಾಜು ಬಳಿಯಿರಿ. ಅದು ಹತ್ತಿದ ಕುರಿಯ ಬೆನ್ನಿಗೆ ಬಣ್ಣ ಅಂಟುತ್ತದೆ. ಕುರಿಯ ಬೆದೆ ಸುಮಾರು 17 ದಿನಕ್ಕೊಮ್ಮೆ. ಅಷ್ಟು ದಿನ ಕಳೆದರೂ ಒಂದು ಕುರಿಯ ಬೆನ್ನೂ ಕೆಂಪಾಗದಿದ್ದರೆ ಬೇರೆ ಟಗರು ತನ್ನಿ. ಮೊದಲಿನದನ್ನು ಬಡಿಯಬೇಡಿ.