ಪ್ಲಾಸ್ಟಿಕ್ ಕವರಿನ ಸರ್ಟಿಫಿಕೇಟು, ಕಿತ್ತು ಬಂದ ಕೊಂಡಿ

ಮೊನ್ನೆ ನಾಲೆ ಏರಿ ಮೇಲೆ ಸಿಕ್ಕಿದ ಒಬ್ಬರು "ನಮ್ಮ ಹುಡುಗನ್ನ ವೆಲ್ಡಿಂಗ್ ಕೋರ್ಸಿಗೆ ಸೇರಿಸ್ದೆ ಕಣಣ್ಣ, ಮೂರು ತಿಂಗ್ಳಿಗೆ ಸರ್ಟಿಫಿಕೇಟ್ ಕೊಡ್ತಾರಂತೆ" ಅಂದ್ರು. "ದಿನಕ್ಕೆ ಎಷ್ಟು ರಾಡು ಸುಡಿಸ್ತಾರೆ?" ಅಂತ ಕೇಳಿದೆ. ನನ್ನ ಮುಖಾನೇ ನೋಡಿದ್ರು. ಅದಕ್ಕೇ ಈ ಬರಹ.

ಮೊದಲು ನನ್ನ ತಪ್ಪು ಹೇಳ್ತೀನಿ. ನಮ್ಮಕ್ಕನ ಮಗ ಪಿಯುಸಿ ಫೇಲಾಗಿ ಮನೇಲಿದ್ದ. ಊರಿಗೆ ಬಂದ ಏಜೆಂಟ್ ಒಬ್ಬ ಖಾಸಗಿ ತರಬೇತಿ ಕೇಂದ್ರದ ಫೋಟೋ ತೋರಿಸಿ, ದುಬೈ ಗಿಬೈ ಅಂದ. ಅಕ್ಕ ಸಂಘದಲ್ಲಿ ಸಾಲ ಎತ್ತಿ ಇಪ್ಪತ್ತೆಂಟು ಸಾವಿರ ಕಟ್ಟಿದಳು. ಹೂಂ ಅಂದು ಧೈರ್ಯ ಕೊಟ್ಟೋನು ನಾನೇ. ಮೂರು ತಿಂಗಳಾದ ಮೇಲೆ ಚಿನ್ನದ ಬಣ್ಣದ ಅಂಚಿರೋ ಸರ್ಟಿಫಿಕೇಟ್ ಬಂತು. ಅಕ್ಕ ಅದನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ದೇವರ ಫೋಟೋ ಪಕ್ಕ ಇಟ್ಟಳು. ನಾನೂ ಹೆಮ್ಮೆಗೆ ಬಿದ್ದು, ಟ್ಯಾಕ್ಟರಿಗೆ ತಗಲಿಸೋ ಟ್ರೈಲರ್ ಕೊಂಡಿ ಬಿರುಕು ಬಿಟ್ಟಿದ್ದನ್ನ ಅವನ ಕೈಲೇ ಹಚ್ಚಿಸಿದೆ.

ಮೇಲೆ ನೋಡೋಕೆ ಚೆನ್ನಾಗೇ ಇತ್ತು, ಮೀನಿನ ಹೊರೆ ಜೋಡಿಸಿದ ಹಾಗೆ. ಕಬ್ಬು ತುಂಬಿಕೊಂಡು ಆಲೆಮನೆ ದಾರೀಲಿ ಏರು ಹತ್ತುವಾಗ ಕೊಂಡಿ ಕಿತ್ತು ಬಂತು. ಟ್ರೈಲರ್ ಹಿಂದಕ್ಕೆ ಉರುಳಿತು. ಕಬ್ಬು ಕಡಿಯೋಕೆ ಬಂದಿದ್ದ ಹೆಣ್ಣುಮಗಳು ಹಿಂದೇನೇ ನಡ್ಕೊಂಡು ಬರ್ತಿದ್ಲು. ಕಾಲುವೆಗೆ ಹಾರಿ ಬಚಾವಾದಳು. ಟ್ರೈಲರ್ ಹೊಂಗೆ ಮರಕ್ಕೆ ಗುದ್ದಿ ನಿಂತಿತು. ಆ ಮರ ಇಲ್ಲದಿದ್ರೆ ನಾನು ಇವತ್ತು ಕೂತು ಬರೀತಿರಲಿಲ್ಲ, ಕೋರ್ಟಿಗೆ ಅಲೀತಿದ್ದೆ. ಅವಳ ಮಕ್ಕಳ ಕತೆ ಏನಾಗಿರೋದು ಅಂತ ಈಗಲೂ ರಾತ್ರಿ ಎಚ್ಚರ ಆಗ್ತದೆ.

ಮುರಿದ ಜಾಗ ನೋಡಿದೆ. ಬೆಸುಗೆ ಮೇಲೆ ಮಾತ್ರ ಕೂತಿತ್ತು, ಒಳಗೆ ಕಬ್ಬಿಣ ಕಬ್ಬಿಣ ಸೇರೇ ಇಲ್ಲ. ನಡುವೆ ಕರೀ ಕಿಟ್ಟ. ಹಳೇ ಬಣ್ಣ, ತುಕ್ಕು ಉಜ್ಜಿಲ್ಲ, ದಪ್ಪ ಪಟ್ಟಿಯ ಅಂಚು ಓರೆ ಮಾಡಿ ಜಾಗ ಬಿಟ್ಟಿಲ್ಲ, ಕರೆಂಟು ಕಮ್ಮಿ ಇಟ್ಟವನೆ. ಹುಡುಗನ್ನ ಕೂರಿಸಿಕೊಂಡು ಕೇಳಿದೆ. "ಮಾವ, ಮೂರು ತಿಂಗ್ಳಲ್ಲಿ ನನ್ ಕೈಗೆ ಹೋಲ್ಡರ್ ಬಂದಿದ್ದೇ ಹತ್ತು ಹನ್ನೆರಡು ದಿನ. ಮೂವತ್ತು ಜನಕ್ಕೆ ಎರಡು ಮಿಷಿನ್. ನೆಟ್ಟಗೆ ನಿಲ್ಸಿರೋ ಪಟ್ಟಿಗೆ ಹಚ್ಚೋದು ಹೇಳ್ಕೊಡ್ಲೇ ಇಲ್ಲ. ಮಿಕ್ಕಿದ್ದು ವಿಡಿಯೋ" ಅಂದ. ಆಮೇಲೆ ತಿಂಗಳುಗಟ್ಟಲೆ ಹೋಲ್ಡರ್ ಮುಟ್ಟಲಿಲ್ಲ.

ಇದನ್ನ ಹೇಳಿದ್ರೆ ಕೆಲವರು "ನಮ್ಮ ಸರ್ಕಲ್ ಹತ್ರ ಇರೋ ವೆಲ್ಡರ್ ಯಾವ ಸರ್ಟಿಫಿಕೇಟ್ ತಗಂಡವ್ನೆ? ಕೋರ್ಸೇ ದಂಡ" ಅಂತಾರೆ. ಅದೂ ಸರಿಯಲ್ಲ. ಅವರು ಕಲಿತಿದ್ದು ನಮ್ಮ ಗೇಟು, ನಮ್ಮ ನೇಗಿಲ ಮೇಲೆ ಇಪ್ಪತ್ತು ವರ್ಷ, ಕಣ್ಣಿಗೆ ಮರಳು ಹಾಕಿದಂಗೆ ಉರಿದ ರಾತ್ರಿಗಳ ಜೊತೆ. ಜಿಐ ಪೈಪಿನ ಸತುವಿನ ಹೊಗೆ ಕುಡಿದು ಸಂಜೆ ಚಳಿಜ್ವರ ಬರೋದು ಅವರನ್ನೇ ಕೇಳಿ. ಆ ಕಷ್ಟ ತಪ್ಪಿಸೋಕೆ ತಾನೆ ಕಲಿಸೋ ಜಾಗ ಅಂತ ಇರೋದು? ಜೊತೆಗೆ ಊರು ಬಿಟ್ಟು ಬಾಯ್ಲರ್, ಪೈಪ್‌ಲೈನ್ ಕೆಲಸಕ್ಕೆ ಹೋದ್ರೆ ಅಲ್ಲಿ ಪರೀಕ್ಷೆ ಇಲ್ಲದೆ ಒಳಗೇ ಬಿಡಲ್ಲ.

ಆ ಪರೀಕ್ಷೆ ಹೆಂಗಿರುತ್ತೆ ಗೊತ್ತಾ? ಪಟ್ಟಿ ಮಲಗಿಸಿ ಹಚ್ಚಿದ್ರೆ 1ಜಿ, ನಿಲ್ಲಿಸಿದ್ರೆ 3ಜಿ, ತಲೆ ಮೇಲಿದ್ರೆ 4ಜಿ. ಪೈಪನ್ನ 45 ಡಿಗ್ರಿ ಓರೆಗೆ ಕಟ್ಟಿ, ಅದನ್ನ ತಿರುಗಿಸದೆ ಸುತ್ತ ತಾನೇ ತಿರುಗಿ ಹಚ್ಚಿದ್ರೆ 6ಜಿ. ಹಚ್ಚಿದ್ದನ್ನ ಕೊಯ್ದು, ಪಟ್ಟಿ ಮಾಡಿ, ಒಂದನ್ನ ಈ ಕಡೆ ಒಂದನ್ನ ಆ ಕಡೆ ಬಗ್ಗಿಸ್ತಾರೆ. ಬಾಯಿ ಬಿಟ್ರೆ ಫೇಲು. ಇಲ್ಲ ಎಕ್ಸ್‌ರೇ ತೆಗೀತಾರೆ. ಬಾಯ್ಲರ್ ಕೆಲಸಕ್ಕೆ ಬಳಸೋ ಎಎಸ್‌ಎಂಇ ನಿಯಮದಲ್ಲಂತೂ ಪಾಸಾದೋನು ಆರು ತಿಂಗಳು ಆ ತರದ ವೆಲ್ಡಿಂಗ್ ಮುಟ್ಟದೇ ಇದ್ರೆ ಅರ್ಹತೆನೇ ಹೋಯ್ತು, ಮತ್ತೆ ಪರೀಕ್ಷೆ. ಕಾಗದ ಅಲ್ಲಿ ಕೈಗೆ ಸಾಕ್ಷಿ ಅಷ್ಟೆ. ನಮ್ಮಲ್ಲಿ ಕೈ ಇಲ್ಲದೆ ಬರೀ ಸಾಕ್ಷಿ ಮಾರ್ತಾವ್ರೆ. ನಾವು ಸಾಲ ಮಾಡಿ ಕೊಳ್ತಿದ್ದೀವಿ.

ಬಿತ್ತನೆ ಬೀಜ ತಗೊಳೋಕೆ ಹೋದ್ರೆ ಚೀಟಿ ತಿರುವಿ ತಿರುವಿ ನೋಡ್ತೀವಿ, ಹಸು ತಗೊಳೋಕೆ ಹೋದ್ರೆ ಹಲ್ಲು ಹಿಡಿದು, ಕೆಚ್ಚಲು ಹಿಂಡಿ ನೋಡ್ತೀವಿ. ಮಗನ ವಿದ್ಯೆಗೆ ಮಾತ್ರ ಬಾಗಿಲಲ್ಲಿ ನಿಂತ ಟೈ ಹಾಕಿದೋನ ಮಾತೇ ಸಾಕು. ದುಡ್ಡು ಕಟ್ಟೋ ಮುಂಚೆ ಹೇಳದೆ ಕೇಳದೆ ಒಂದಿನ ಹೋಗಿ ನಿಂತ್ಕೊಳಿ. ಮಿಷಿನ್ ಬಿಸಿ ಇದೆಯಾ, ನೆಲದ ಮೇಲೆ ರಾಡಿನ ತುಂಡು ಬಿದ್ದಿದಾವಾ ನೋಡಿ. 7018 ರಾಡನ್ನ ಬಿಸಿ ಪೆಟ್ಟಿಗೇಲಿ ಇಟ್ಟು ತೇವ ತೆಗೀತಾರಾ ಕೇಳಿ, ಪೆಟ್ಟಿಗೇನೇ ಇಲ್ಲ ಅಂದ್ರೆ ಚಪ್ಪಲಿ ಹಾಕ್ಕೊಂಡು ಬಸ್ ಹತ್ತಿ. ಹುಡುಗ್ರು ಹಚ್ಚಿದ್ದನ್ನ ಮೇಷ್ಟ್ರು ಮುರಿದು ತೋರಿಸ್ತಾರಾ ಅಂತ ಕೇಳೋದು ಎಲ್ಲಕ್ಕಿಂತ ಮುಖ್ಯ.

ಇನ್ನು ಐಟಿಐ ಅಂದ್ರೆ ಮೂಗು ಮುರಿಯೋರಿಗೆ. ಸರ್ಕಾರಿ ಐಟಿಐಲಿ ವೆಲ್ಡರ್ ಒಂದು ವರ್ಷದ್ದು, ಎಂಟನೇ ಕ್ಲಾಸ್ ಪಾಸಾಗಿದ್ರೆ ಸಾಕು. ಫೀಸು ಆ ಏಜೆಂಟ್ ಕೇಳಿದ್ದಕ್ಕೆ ಹೋಲಿಸಿದ್ರೆ ಏನೂ ಅಲ್ಲ. ಮುಗಿಸಿದೋರು 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ಕಾರ್ಖಾನೆಗೆ ಸೇರಬಹುದು, ಕಲಿಯೋವಾಗಲೇ ಸ್ಟೈಪೆಂಡು. ಎಲ್ಲಾ ಸರ್ಕಾರಿ ಐಟಿಐನೂ ಚೆನ್ನಾಗಿದಾವೆ ಅನ್ನಲ್ಲ, ಅಲ್ಲೂ ಹೋಗಿ ರಾಡಿನ ತುಂಡೇ ನೋಡಿ. ನಮ್ಮಲ್ಲಿ ಎಕರೆ ಮಾರಿ ಇಂಜಿನಿಯರಿಂಗ್ ಓದಿಸಿ, ಹುಡುಗ ಬೆಂಗಳೂರಲ್ಲಿ ಪಾರ್ಸೆಲ್ ಹಂಚುತಾ ಇದ್ರೂ "ನಮ್ಮೋನು ಬಿಇ" ಅಂತೀವಿ. ವೆಲ್ಡರ್ ಅಂದ್ರೆ ಹೆಣ್ಣು ಕೊಡಲ್ವಂತೆ. ವ್ಯವಸಾಯ ಅಂದ್ರೆ ಕೊಡ್ತಾವ್ರಾ?

ಅಕ್ಕನ ಮಗ ಹೋದ ವರ್ಷ ಐಟಿಐ ಸೇರ್ದ. ಮೊದಲ ತಿಂಗಳು ಅವನು ಹಚ್ಚಿದ್ದನ್ನೆಲ್ಲ ಮೇಷ್ಟ್ರು ವೈಸಿಗೆ ಹಾಕಿ ಸುತ್ತಿಗೇಲಿ ಒಡೆದು ಒಳಗಿನ ಕಿಟ್ಟ ತೋರಿಸಿದ್ರಂತೆ. ಬೈಸ್ಕೊಂಡು ಮನೆಗೆ ಬಂದು ಊಟ ಬಿಡ್ತಿದ್ದ. ಈಗ ನಿಲ್ಲಿಸಿದ ಪಟ್ಟಿಗೆ ಕೆಳಗಿಂದ ಮೇಲಕ್ಕೆ ಹಚ್ಚಿದ್ದು ಮೇಷ್ಟ್ರು ಒಡೆಯೋಕೆ ಹೋದ್ರೂ ಒಡೀತಿಲ್ಲವಂತೆ. ಹಳೇ ಸರ್ಟಿಫಿಕೇಟ್ ಇನ್ನೂ ದೇವರ ಫೋಟೋ ಪಕ್ಕಾನೇ ಇದೆ, ತೆಗಿ ಅಂದ್ರೆ ಅಕ್ಕ ಸಾಲ ಇನ್ನೂ ತೀರಿಲ್ಲ ಅಂತಾಳೆ.

ಈ ಸಲ ಕಬ್ಬು ಕಡಿಯೋ ಮುಂಚೆ ಟ್ರೈಲರಿಗೆ ಹೊಸ ಕೊಂಡಿ ತಾನೇ ಹಾಕ್ತೀನಿ ಮಾವ ಅಂತವನೆ. ನಾನಿನ್ನೂ ಹೂಂ ಅಂದಿಲ್ಲ. ಒಂದು ತುಂಡು ಪಟ್ಟಿ ಹಚ್ಚಿ ತಗೊಂಬಾ, ನಾನೇ ಸುತ್ತಿಗೇಲಿ ಹೊಡೀತೀನಿ ಅಂದಿದ್ದೀನಿ. ಭಾನುವಾರ ಬರ್ತಾನೆ.